ಫೋಟೋ ಚೆನ್ನಾಗಿ ಬರಲೆಂದು ಹಾಕಿದ ವೋಟು

ಪೈನ್ ಲ್ಯಾಂಡಿಂಗ್ ಊರಿನಲ್ಲಿ ಚರ್ಚು ಎರಡು, ಹೆಂಡದಂಗಡಿ ಮೂರು, ಪಾರ್ಲರು ಮಾತ್ರ ಒಂದೇ. ಅದರ ಒಡತಿ ಹಿಲ್ಕಾ ಮಟ್ಟಿಲಾ. ಪಾದ್ರಿ ಹೇಳಿದ್ದನ್ನು ಜನ ಭಾನುವಾರ ಕೇಳಿ ಸೋಮವಾರ ಮರೆಯುತ್ತಾರೆ. ಹಿಲ್ಕಾ ಹೇಳಿದ್ದನ್ನು ಮರೆಯುವಂತಿಲ್ಲ, ಏಕೆಂದರೆ ಅವಳು ಮಾತಾಡುವಾಗ ಕತ್ತರಿ ಕಿವಿಯ ಪಕ್ಕದಲ್ಲೇ ಇರುತ್ತದೆ.

ಊರಿನ ಮುದುಕಿಯರೆಲ್ಲ ವಾರಕ್ಕೊಮ್ಮೆ ಬಂದು ತಲೆ ತೊಳೆಸಿ, ಕೂದಲಿಗೆ ಸುರುಳಿ ಸುತ್ತಿಸಿಕೊಂಡು, ಡ್ರೈಯರಿನ ಟೊಪ್ಪಿಗೆಗಳ ಕೆಳಗೆ ಸಾಲಾಗಿ ಕೂರುತ್ತಾರೆ. ಮುಂದಿನ ವಾರದವರೆಗೆ ಮನೆಯಲ್ಲಿ ಯಾರೂ ಬಾಚಣಿಗೆ ಮುಟ್ಟುವುದಿಲ್ಲ. ಶುಕ್ರವಾರದ ಮೊದಲ ಕುರ್ಚಿ ಹಿಲ್ಕಾಳ ಅತ್ತೆ ಲೆಂಪಿಯದು. ಹಿಲ್ಕಾಳ ಗಂಡ, ಅಂದರೆ ಲೆಂಪಿಯ ಮಗ ಆರ್ವೋ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಈ ಅತ್ತೆ ಸೊಸೆ ಇಬ್ಬರೇ. ಜಗಳವಾಡಲು ಬೇರೆ ಯಾರೂ ಇಲ್ಲದ್ದರಿಂದ ಪರಸ್ಪರ ಚೆನ್ನಾಗಿ ಹೊಂದಿಕೊಂಡಿದ್ದರು.

ಹಿಲ್ಕಾಳಿಗೆ ಸರಕಾರದ ಮೇಲೆ ಇದ್ದ ಸಿಟ್ಟು ಒಂದೇ. ಗಾಡಿಯ ಲೈಸೆನ್ಸ್ ನವೀಕರಿಸಲು ಪೇಟೆಗೆ ಹೋದ ದಿನ ಹಿಮ ಬೆರೆತ ಮಳೆ. ಅರ್ಧ ದಿನ ಸಾಲಿನಲ್ಲಿ ಕಾದು ಅವಳ ಸರದಿ ಬಂದಾಗ, ತಲೆಗೆ ಕಟ್ಟಿದ್ದ ಪ್ಲಾಸ್ಟಿಕ್ ಮುಸುಕನ್ನು ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಅಂದಿತು. ಬಂದ ಫೋಟೋದಲ್ಲಿ ಹಿಲ್ಕಾ ಆಗಷ್ಟೇ ಸರೋವರದಿಂದ ಮೇಲೆತ್ತಿದ ಹೆಣದಂತೆ ಇದ್ದಳು. ಊರಿನ ತಲೆಗಳನ್ನೆಲ್ಲ ಸಿಂಗರಿಸುವವಳ ತಲೆಯೇ ಹೀಗೆ! ಮುಸುಕನ್ನು ಮೊದಲೇ ಬಿಚ್ಚಬಹುದಿತ್ತು ಎಂದು ಯಾರಾದರೂ ಅಂದರೆ ಅವರ ಕೂದಲಿನ ಗತಿ ದೇವರೇ ಬಲ್ಲ.

ಆ ರಾಜ್ಯದಲ್ಲಿ ಲೈಸೆನ್ಸ್ ಕೊಡುವ ಕಚೇರಿಗೂ ಚುನಾವಣೆ ನಡೆಸುವ ಕಚೇರಿಗೂ ಯಜಮಾನ ಒಬ್ಬನೇ. ರಾಜ್ಯ ಕಾರ್ಯದರ್ಶಿ ಅಂತ ಹೆಸರು. ಅವನನ್ನೂ ನಾಲ್ಕು ವರ್ಷಕ್ಕೊಮ್ಮೆ ಜನರೇ ಆರಿಸಬೇಕು. ಜನಕ್ಕೆ ಗೊತ್ತಿರುವುದು ಮೊದಲ ಕೆಲಸ ಮಾತ್ರ. ಸಾಲಿನಲ್ಲಿ ನಿಂತು ಕಾಲು ನೋಯುತ್ತದೆ, ಅದು ನೆನಪಿರುತ್ತದೆ. ವೋಟು ಸರಿಯಾಗಿ ಎಣಿಕೆಯಾದರೆ ಯಾರಿಗೆ ಎಲ್ಲಿ ನೋಯಬೇಕು?

ಆ ವರ್ಷ ಬ್ರೆಂಟ್ ಹ್ಯಾಲ್ವರ್ಸನ್ ಎಂಬ ಬಿಳಿ ಹಲ್ಲಿನ ಮನುಷ್ಯ ಆ ಹುದ್ದೆಗೆ ನಿಂತ. ಸಾಲು ತೆಗೆದುಹಾಕುತ್ತೇನೆ, ಫೋಟೋ ಹಿಡಿಸದಿದ್ದರೆ ಪುಕ್ಕಟೆಯಾಗಿ ಇನ್ನೊಂದು ಎಂದ. ನಮ್ಮ ವೋಟುಗಳು ಸಡಿಲವಾಗಿವೆ, ಬಿಗಿ ಮಾಡುತ್ತೇನೆ ಎಂದೂ ಕರಪತ್ರದ ಕೆಳಗೆ ಅಚ್ಚು ಹಾಕಿಸಿದ್ದ. ಹಿಲ್ಕಾ ಅಷ್ಟು ಕೆಳಗಿನವರೆಗೆ ಓದಲಿಲ್ಲ.

"ನಮ್ಮ ವೋಟೆಲ್ಲ ಹ್ಯಾಲ್ವರ್ಸನ್‌ಗೇ ಕಣ್ರೇ," ಅಂತ ಡ್ರೈಯರ್ ಸಾಲಿನ ಮುಂದೆ ನಿಂತು ಸಾರಿದಳು. "ಹೆಂಗಸರ ಕಷ್ಟ ಗೊತ್ತಿರೋ ಗಂಡಸು ಅಂದ್ರೆ ಅವನೊಬ್ಬನೇ."

"ಫೋಟೋ ತೆಗೆಯೋ ಕೆಲಸ ಅಲ್ಲ ಕಣೇ ಅದು," ಎಂದಳು ಲೆಂಪಿ ಟೊಪ್ಪಿಗೆಯೊಳಗಿಂದ. "ಎಲೆಕ್ಷನ್ ನಡೆಸೋ ಕೆಲಸ. ಯಾರ ವೋಟು ವೋಟು, ಯಾರದ್ದು ಅಲ್ಲ ಅಂತ ಹೇಳೋನು ಅವನು. ಅಂಥ ಜಾಗಕ್ಕೆ ಹಲ್ಲು ನೋಡಿ ಕಳಿಸ್ತೀಯಾ?"

ಹಿಲ್ಕಾ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು. ಅತ್ತೆಯ ಡ್ರೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಆ ಗಾಳಿಯ ಭೋರ್ಗರೆತದಲ್ಲಿ ಲೆಂಪಿಯ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಹೋಗಿ ಹ್ಯಾಲ್ವರ್ಸನ್‌ಗೆ ವೋಟು ಹಾಕಿದರು. ಅವನು ಗೆದ್ದ.

ಸುಳ್ಳು ಹೇಳಬಾರದು, ಸಾಲು ಕರಗಿತು. ಹಿಲ್ಕಾಳ ಹೊಸ ಫೋಟೋ ಅಪ್ಸರೆಯಂತೆ ಬಂತು. ಆಮೇಲೆ ಅವನು ಬಿಗಿ ಮಾಡಲು ಹೊರಟ.

ಈ ಕಡೆ ನವೆಂಬರಿನಲ್ಲೇ ಹಿಮ ಬೀಳುವುದರಿಂದ ವಯಸ್ಸಾದವರು ಅಂಚೆಯಲ್ಲೇ ವೋಟು ಕಳಿಸುತ್ತಾರೆ. ಲಕೋಟೆಯ ಮೇಲೆ ಸಹಿ ಮಾಡಿದರೆ ಆಯಿತು. ಹ್ಯಾಲ್ವರ್ಸನ್ನನ ಹೊಸ ಅಪ್ಪಣೆಯ ಪ್ರಕಾರ ಆ ಸಹಿ ಲೈಸೆನ್ಸಿನಲ್ಲಿರುವ ಸಹಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಎಂಬತ್ತು ದಾಟಿದವರ ಕೈ ನಡುಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲವೋ, ಚೆನ್ನಾಗಿಯೇ ಹೊಳೆದಿತ್ತೋ. ನಾಲ್ಕು ವರ್ಷ ಕಳೆದು ಅವನು ಮತ್ತೆ ಅದೇ ಹುದ್ದೆಗೆ ನಿಂತಿದ್ದ, ತನ್ನ ಚುನಾವಣೆಗೆ ತನ್ನದೇ ನಿಯಮ ಬರೆದುಕೊಂಡು.

ಚುನಾವಣೆಗೆ ಮುಂಚಿನ ಶುಕ್ರವಾರ ಪಾರ್ಲರಿನ ಫೋನು ಬಡಿದುಕೊಂಡಿತು. ಊರಿನ ಮತಪತ್ರಗಳನ್ನು ನೋಡಿಕೊಳ್ಳುವ ಗುಮಾಸ್ತೆ ಡಾರ್ಲಾ ಪೆಲ್ಟಿಯರ್ ಮಾತಾಡಿದಳು.

"ಹಿಲ್ಕಾ, ನಿನ್ನ ಶುಕ್ರವಾರದ ಗಿರಾಕಿಗಳು ಬಂದಿದಾರಾ? ಒಬ್ಬರದೂ ಸಹಿ ಹೊಂದ್ತಿಲ್ಲ ಮಾರಾಯ್ತಿ. ಇವತ್ತು ಐದು ಗಂಟೆಯೊಳಗೆ ಖುದ್ದಾಗಿ ಬಂದು ನನ್ನ ಕಣ್ಣೆದುರು ಸಹಿ ಹಾಕ್ಬೇಕು. ಇಲ್ದಿದ್ರೆ ಅಷ್ಟೂ ವೋಟು ಕಸದ ಬುಟ್ಟಿಗೆ."

"ನಮ್ಮತ್ತೇದೂನಾ?"

"ನಿಮ್ಮತ್ತೇದೇ ಮೊದಲು."

ಹಿಲ್ಕಾ ಫೋನಿಟ್ಟು ವಿಷಯ ಹೇಳಿದಳು. ಸುರುಳಿ ಕಟ್ಟಿದ ತಲೆಗಳೆಲ್ಲ ಕನ್ನಡಿಯೊಳಗಿಂದ ಅವಳನ್ನೇ ನೋಡಿದವು. ಒಬ್ಬೊಬ್ಬರಾಗಿ ಕೋಟು ಹಾಕಿಕೊಳ್ಳತೊಡಗಿದರು. ಲೆಂಪಿ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

"ನಾನು ಬರಲ್ಲ."

"ಅತ್ತೆ, ಹಟ ಮಾಡ್ಬೇಡಿ. ಟೈಮಿಲ್ಲ."

"ಇಪ್ಪತ್ತೊಂದು ತುಂಬಿದಾಗಿನಿಂದ ಒಂದು ಎಲೆಕ್ಷನ್ ಬಿಟ್ಟೋಳಲ್ಲ ನಾನು. ಆರ್ವೋ ಹುಟ್ಟಿದ ವಾರಾನೂ ಕೂಸು ಕಂಕುಳಲ್ಲಿಟ್ಕೊಂಡು ಹೋಗಿದ್ದೆ. ಈಗ ಆ ಬಿಳಿ ಹಲ್ಲಿನೋನು ನಿನ್ನ ಸಹಿ ನಿಂದಲ್ಲ ಅಂತಾನೆ. ಕಳ್ಳಿ ಥರ ಹೋಗಿ ನಾನು ನಾನೇ ಸ್ವಾಮಿ ಅಂತ ಕೈ ಮುಗೀಬೇಕಾ? ಹೋಗೇ."

ಅವಳ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದ ಜಗಳಗಳಲ್ಲಿ ಒಮ್ಮೆಯೂ ಹಿಲ್ಕಾ ಅದನ್ನು ಕಂಡಿರಲಿಲ್ಲ. ಈ ಮುದುಕಿಯ ವೋಟನ್ನು ಕಿತ್ತುಕೊಂಡವಳು ತಾನೇ ಎಂದು ಆಗ ಅವಳಿಗೆ ಅರ್ಥವಾಯಿತು. ಗಡಿಯಾರ ನೋಡಿದಳು. ಅತ್ತೆಯ ಟೊಪ್ಪಿಗೆ ಎತ್ತಿ, ತಗ್ಗಿದ ದನಿಯಲ್ಲಿ ಅಂದಳು:

"ತಪ್ಪಾಯ್ತು ಅತ್ತೆ."

"ಏನಂದೆ?" ಎಂದಳು ಲೆಂಪಿ. "ಡ್ರೈಯರ್ ಸದ್ದು. ಕೇಳಿಸ್ಲಿಲ್ಲ."

ಡ್ರೈಯರು ಯಾವಾಗಲೋ ನಿಂತಿತ್ತು.

"ತಪ್ಪಾಯ್ತು ಅಂದೆ! ನೀವು ಹೇಳಿದ್ದು ಸರಿ, ಅವನನ್ನ ಅಲ್ಲಿ ಕೂರಿಸಿದ್ದು ನಾನು! ನನ್ನ ದರಿದ್ರ ಫೋಟೋಗೋಸ್ಕರ! ಸಾಕಾ?"

"ಸಾಕು," ಎಂದು ಲೆಂಪಿ ಕೈಚಾಚಿದಳು. "ನನ್ನ ಕೋಲು ಕೊಡು. ಆ ಲಕೋಟೆಯೊಳಗೆ ಅವನ ವಿರುದ್ಧ ಹಾಕಿರೋ ಗುರುತು ಕಸದ ಬುಟ್ಟಿಗೆ ಹೋಗ್ಬಾರ್ದು."

ಚರ್ಚಿನ ವ್ಯಾನಿನಲ್ಲಿ ಮುದುಕಿಯರನ್ನು ತುಂಬಿಕೊಂಡು, ಸುರುಳಿಗಳ ಮೇಲೆ ಪ್ಲಾಸ್ಟಿಕ್ ಮುಸುಕು ಕಟ್ಟಿಸಿ, ಹಿಲ್ಕಾ ಹಿಮದಲ್ಲಿ ಗಾಡಿ ಓಡಿಸಿದಳು. ಡಾರ್ಲಾಳ ಕಚೇರಿಯಲ್ಲಿ ಒಬ್ಬೊಬ್ಬರೂ ಸಹಿ ಮಾಡಿ ಪಕ್ಕಕ್ಕೆ ಸರಿದರು. ಕೊನೆಗೆ ಲೆಂಪಿಯ ಸರದಿ. ಪೆನ್ನು ಹಿಡಿದಳು, ಕೈ ಎಲೆಯಂತೆ ನಡುಗಿತು. ಹಿಲ್ಕಾ ಮೊಣಕೈ ಹಿಡಿಯಲು ಮುಂದಾದಳು.

"ಮುಟ್ಟೋ ಹಾಗಿಲ್ಲ," ಎಂದಳು ಡಾರ್ಲಾ, ತನಗೇ ಬೇಸರವಾದ ದನಿಯಲ್ಲಿ. "ಮುಟ್ಟಿದ್ರೆ ಇದೂ ನಡೆಯಲ್ಲ."

ಊರಿನವರ ಕೂದಲನ್ನೆಲ್ಲ ಹದಕ್ಕೆ ತರುವ ಕೈಗಳನ್ನು ಹಿಲ್ಕಾ ಕೋಟಿನ ಜೇಬಿನೊಳಗೆ ತುರುಕಿಕೊಂಡಳು. ಅತ್ತೆಯ ಪೆನ್ನು ಕಾಗದದ ಮೇಲೆ ಅಂಕುಡೊಂಕಾಗಿ ಅಲೆಯಿತು, ನಿಂತಿತು, ಮತ್ತೆ ಹೊರಟಿತು. ಮಟ್ಟಿಲಾ ಎಂಬ ಹೆಸರು ಇಷ್ಟು ಉದ್ದವಿದೆ ಎಂದು ಅದನ್ನು ಮದುವೆಯಾಗಿ ಪಡೆದುಕೊಂಡ ಹಿಲ್ಕಾಳಿಗೂ ಗೊತ್ತಿರಲಿಲ್ಲ.

"ಆಯ್ತು," ಎಂದು ಪೆನ್ನು ಕೆಳಗಿಟ್ಟಳು ಲೆಂಪಿ. "ಈಗ ಎಣಿಸ್ತೀರಾ?"

"ಎಣಿಸ್ತೀವಿ ಅಜ್ಜಿ."

"ಹಾಗಾದ್ರೆ ಅವನ ಕಥೆ ಮುಗೀತು."

ಅವನ ಕಥೆ ಮುಗಿಯಲಿಲ್ಲ. ಪೈನ್ ಲ್ಯಾಂಡಿಂಗಿನಲ್ಲಿ ಸೋತ, ರಾಜ್ಯದಲ್ಲಿ ಸ್ವಲ್ಪದರಲ್ಲಿ ಗೆದ್ದ. ಬೇರೆ ಊರುಗಳಲ್ಲಿ ಫೋನು ಮಾಡುವ ಡಾರ್ಲಾಗಳಿರಲಿಲ್ಲವೋ, ವ್ಯಾನುಗಳಿರಲಿಲ್ಲವೋ, ಎಷ್ಟು ಲಕೋಟೆಗಳು ಬಿಚ್ಚದೆ ಉಳಿದವೋ, ಲೆಕ್ಕ ಹೇಳಬೇಕಾದವನು ಅವನೇ. ಅವನು ಹೇಳಲಿಲ್ಲ.

ಚುನಾವಣೆಯ ಮರುದಿನ, ಬುಧವಾರ ಬೆಳಿಗ್ಗೆ, ಅಡುಗೆಮನೆಯಲ್ಲಿ ರೇಡಿಯೋ ಫಲಿತಾಂಶ ಒದರುತ್ತಿತ್ತು. ಲೆಂಪಿ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತ ಪೂರ್ತಿ ಕೇಳಿದಳು. ಹಿಲ್ಕಾ ಅತ್ತೆಯ ಮುಖ ನೋಡಲಾಗದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಇನ್ನು ನಾಲ್ಕು ವರ್ಷ ತಾನೆ?" ಎಂದಳು ಲೆಂಪಿ. "ಆಗ ನಂಗೆ ತೊಂಬತ್ತೊಂದು."

"ಹೂಂ ಅತ್ತೆ."

"ಕಾಯ್ತೀನಿ. ನೀನು ಮಾತ್ರ ಅಷ್ಟರೊಳಗೆ ಸತ್ತುಗಿತ್ತು ಹೋಗ್ಬೇಡ, ಗಾಡಿ ಓಡಿಸೋರು ಬೇಕು ನಂಗೆ."