ನಿಲ್ಲುವ ಗರಗಸ

ಬನಹಟ್ಟಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಿಂದ ಗುಜರಿಯವರು ಪವರ್‌ಲೂಮ್ ಮಗ್ಗಗಳನ್ನು ಹೊತ್ತುಕೊಂಡು ಹೋದ ಮೇಲೆ ನಮ್ಮ ಮನೆಯವರು ಎಷ್ಟೋ ದಿನ ಅಲ್ಲಿ ಬರಿದೇ ಕುಳಿತಿರುತ್ತಿದ್ದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದ ಮನುಷ್ಯ. ನಾನು ಜಮಖಂಡಿಯ ಕಚೇರಿಯಿಂದ ಬಸ್ಸಿಳಿದು ಬಂದಾಗ, ಚಹಾ ಕೂಡ ಕುಡಿಯದೆ, ಗೋಡೆಗೆ ಒರಗಿ ಕೂತಿರುವುದು ಕಾಣುತ್ತಿತ್ತು. ಹೀಗೇ ಬಿಟ್ಟರೆ ಈ ಮನುಷ್ಯ ನನ್ನ ಕೈಗೆ ಉಳಿಯುವುದಿಲ್ಲ ಅನ್ನಿಸಿ ನನಗೆ ಭಯವಾಗಿತ್ತು.

ಕಟ್ಟಿಗೆ ಅವರನ್ನು ಉಳಿಸಿತು. ಮೊದಲಿನಿಂದಲೂ ಅವರ ಕೈಗೆ ಅದು ಒಗ್ಗಿದ ಕೆಲಸ. ಲಾಳಿ ಸೀಳಿದರೆ, ಮಗ್ಗದ ಕಟ್ಟಿಗೆಯ ಭಾಗ ಸವೆದರೆ ಬಡಿಗೇರರ ಮನೆಗೆ ಓಡದೆ ತಾವೇ ಕೆತ್ತಿ ಕೂರಿಸುತ್ತಿದ್ದರು. ತಂಗಿಯ ಮೊಮ್ಮಗಳಿಗೆಂದು ಒಂದು ತೊಟ್ಟಿಲು ಮಾಡಿದರು. ಅದನ್ನು ನೋಡಿದವರು ತಮಗೂ ಬೇಕೆಂದರು, ಆಮೇಲೆ ದೇವರ ಜಗಲಿ, ಆಮೇಲೆ ಕಪಾಟು. ಖಾಲಿ ಶೆಡ್ಡಿನಲ್ಲಿ ಮತ್ತೆ ಸದ್ದು ಶುರುವಾಯಿತು, ಮನುಷ್ಯ ಮತ್ತೆ ಹಸಿವೆ ಎನ್ನತೊಡಗಿದ.

ಆದರೆ ಆ ಸದ್ದು ಎಲ್ಲಿಂದ ಬರುತ್ತಿದೆಯೆಂದು ಒಂದು ದಿನ ಇಣುಕಿ ನೋಡಿದೆ. ಕೈಯಲ್ಲಿ ಹಿಡಿದು ಕೊಯ್ಯುವ ಕಟರನ್ನು ತಲೆಕೆಳಗು ಮಾಡಿ ಹಳೆಯ ಮೇಜಿನ ಅಡಿಗೆ ಬಿಗಿದಿದ್ದರು. ಮೇಜಿನ ಸೀಳಿನಿಂದ ಬ್ಲೇಡು ಮೇಲೆ ಬಂದು ತಿರುಗುತ್ತಿತ್ತು. ಅದಕ್ಕೆ ಮುಚ್ಚಳವಿಲ್ಲ, ಹಲಗೆಗೆ ಆಸರೆಯಿಲ್ಲ. ಇವರು ಬರಿಗೈಯಲ್ಲಿ ಹಲಗೆ ದೂಡುತ್ತ ಹಾಡು ಗುನುಗುತ್ತಿದ್ದರು.

ನನ್ನ ತವರು ಮುಧೋಳದ ಕಡೆ. ಅಪ್ಪ ನಮ್ಮದೇ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ಬೆರಳುಗಳನ್ನು ಕಳೆದುಕೊಂಡ. ಆಗ ನಾನು ಸಣ್ಣವಳು, ಹತ್ತಿರದಲ್ಲೇ ನಿಂತಿದ್ದೆ. ಆಮೇಲೆ ಸಾಯುವ ತನಕ ಆ ಕೈಯನ್ನು ಟಾವೆಲಿನಲ್ಲಿ ಮುಚ್ಚಿಕೊಂಡೇ ಓಡಾಡಿದ. ಮದುವೆಯೂಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ನಾಲ್ಕು ಮಂದಿಯ ನಡುವೆ ಎಡಗೈಯಲ್ಲಿ ಉಣ್ಣುವುದು ಅವನಿಗೆ ಸಾವಿಗಿಂತ ಹೆಚ್ಚಾಗಿತ್ತು. ಈ ಮನೆಯಲ್ಲಿ ಅದನ್ನು ಎರಡನೇ ಸಲ ನೋಡಲಾರೆ ಎಂದು ನಾನು ಆವತ್ತೇ ಪಟ್ಟು ಹಿಡಿದೆ. ಒಳ್ಳೆಯ ಗರಗಸದ ಮಷೀನು ಬರುವ ತನಕ ಶೆಡ್ಡಿಗೆ ಬೀಗ ಎಂದೆ. ಖರೆ ಹೇಳಬೇಕೆಂದರೆ ಬೀಗ ಹಾಕಿಯೂಬಿಟ್ಟೆ.

ಹಾಗೆ ನಾವಿಬ್ಬರೂ ಪುಣೆಗೆ ಹೋದೆವು. ಅಂಗಡಿಯಲ್ಲಿ ಇವರಿಗೆ ಹಿಡಿಸಿದ್ದು ಬೀಡುಕಬ್ಬಿಣದ ಮೈಯ ಒಂದು ಭಾರಿ ಮಷೀನು. ಅದರ ಮೇಲೆ ಕೈಯಾಡಿಸಿ, ಬ್ಲೇಡು ಏರಿಸಿ ಇಳಿಸಿ, ಹಲಗೆಗೆ ಆಸರೆಯಾಗುವ ಪಟ್ಟಿಯನ್ನು ಸರಿಸಿ, "ಹಿಂಗಿರಬೇಕ ನೋಡು, ಆನಿ ಇದ್ದಂಗ ಐತಿ" ಎಂದರು. ಮೋಟಾರು ಚಾಲೂ ಮಾಡಿದರೂ ಅದರ ಮೇಲೆ ಅಂಚಿನಲ್ಲಿ ನಿಲ್ಲಿಸಿದ ನಾಣ್ಯ ಅಲ್ಲಾಡಲಿಲ್ಲ. ನಮ್ಮ ಶೆಡ್ಡಿಗೆ ಮಗ್ಗದ ಕಾಲದ ತ್ರೀ ಫೇಸ್ ಕರೆಂಟು ಇದ್ದೇ ಇತ್ತು. ಇವರು ಮನಸ್ಸಿನಲ್ಲಿ ಆಗಲೇ ಅದನ್ನು ಶೆಡ್ಡಿನ ನಡುವೆ ನಿಲ್ಲಿಸಿಯಾಗಿತ್ತು.

ನನ್ನ ಕಣ್ಣು ಮೂಲೆಯಲ್ಲಿದ್ದ ಇನ್ನೊಂದರ ಮೇಲಿತ್ತು. ಹೊರದೇಶದ್ದು, ಅದರ ಬಗ್ಗೆ ಮೊದಲೇ ಓದಿಕೊಂಡಿದ್ದೆ. ತಿರುಗುವ ಬ್ಲೇಡಿಗೆ ಮನುಷ್ಯನ ಚರ್ಮ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ನಿಲ್ಲುತ್ತದೆಂದು ಅಂಗಡಿಯವ ಹೇಳಿದ. ಬೇರೆಯದಕ್ಕಿಂತ ಎಷ್ಟೋ ಪಟ್ಟು ದುಬಾರಿ. ತೋರಿಸದ ಹೊರತು ನಂಬುವುದಿಲ್ಲ ಎಂದೆ. ತೋರಿಸಿದರೆ ಬ್ಲೇಡು ಹಾಳಾಗುತ್ತದೆ ಎಂದು ಅವನು ಗೊಣಗಿದ. ಹಾಗಾದರೆ ನಮಗೆ ಬೇಡ ಎಂದು ಚೀಲ ಎತ್ತಿಕೊಂಡೆ. ಆಗ, ಚರ್ಮದ ಹಾಗೆ ಇದರಲ್ಲೂ ನೀರಿರುತ್ತದೆ ಎಂದು ಸವತೆಕಾಯಿ ತರಿಸಿದ.

ಅವನು ಸವತೆಕಾಯಿಯನ್ನು ಹಲಗೆಯ ಮೇಲಿಟ್ಟು, ಕೈಯಲ್ಲಿ ಹಿಡಿದೇ ಬ್ಲೇಡಿನತ್ತ ದೂಡಿದ. ಪಟಾಕಿ ಸಿಡಿದಂಥ ಸದ್ದು. ಬ್ಲೇಡು ಮಾಯ. ಮೇಜಿನೊಳಗೆ ಅಲ್ಯೂಮಿನಿಯಂ ತುಂಡೊಂದು ಮೇಲೆದ್ದು ಬ್ಲೇಡಿನ ಹಲ್ಲುಗಳಲ್ಲಿ ನಾಟಿಕೊಂಡಿತ್ತು. ಸವತೆಕಾಯಿಯ ಸಿಪ್ಪೆಯ ಮೇಲೆ ಉಗುರು ತಾಗಿದಷ್ಟು ಗೀರು. ಅಂಗಡಿಯ ನಡುವೆಯೇ ನನ್ನ ಕಣ್ಣು ತುಂಬಿಕೊಂಡವು. ಇಂಥದ್ದೊಂದು ನಮ್ಮ ಗಾಣಕ್ಕಿದ್ದಿದ್ದರೆ ಎಂದುಕೊಂಡೆ.

"ಬ್ಲೇಡೂ ಹೋತು, ಆ ತುಂಡೂ ಹೋತು. ಒಂದ ಸಲ ನಿಂತರ ಎಲ್ಲಾ ಹೊಸಾದ ಹಾಕಬೇಕೇನು?" ಎಂದು ಇವರು ಮೂಗು ಮುರಿದರು.

"ಬೆರಳ ಹೊಸಾವ ಸಿಗತಾವೇನ್ರಿ?" ಎಂದೆ. ಅಲ್ಲಿಗೆ ಮಾತು ಮುಗಿಯಿತು. ನನ್ನ ಮಷೀನೇ ಬಂತು.

ಅದನ್ನು ಇಳಿಸುವಾಗ ರಬಕವಿಯಿಂದ ಇವರ ಹಳೆಯ ಗೆಳೆಯ ಬಂದಿದ್ದ. ಒಂದೇ ಶೆಡ್ಡಿನಲ್ಲಿ ಜೊತೆಗೆ ನೇಯುತ್ತ ಬೆಳೆದವರು. ಅವನೂ ಮಗ್ಗ ಮಾರಿದ್ದ, ಅವನಿಗೂ ಕಟ್ಟಿಗೆಯ ಹುಚ್ಚು ಹತ್ತಿತ್ತು. ಮಷೀನಿನ ಸುತ್ತ ಸುತ್ತಿ, "ವೈನಿ, ನಮ್ಮ ಮನಿಗೂ ಒಂದು ಆರಿಸಿಕೊಡ್ರಿ" ಎಂದು ನನ್ನನ್ನು ಕಾಡಿದ. ನಾನು ಬೀಗಿದೆ. ಬೀಗಬಾರದೇನು? ಅಷ್ಟು ಓದಿ, ಅಷ್ಟು ಜಗಳಾಡಿ ತಂದ ಮಷೀನು.

ಮೊದಲ ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಆಗಷ್ಟೇ ಕಡಿದ ಬೇವಿನ ಹಲಗೆ ಬಂತು. ಒಳಗೆ ಇನ್ನೂ ನೀರಿತ್ತು. ಆ ಹಸಿಯನ್ನೇ ಮಷೀನು ಚರ್ಮವೆಂದು ತಿಳಿದು ಫಟ್ಟೆಂದು ನಿಂತಿತು. ಬ್ಲೇಡು ಹಾಳು, ಒಳಗಿನ ತುಂಡು ಹಾಳು. ಹೊಸದು ಬರುವ ತನಕ ಕೆಲಸ ಬಂದ್. ಇವರು ಮತ್ತೆ ಗೋಡೆಗೆ ಒರಗಿ ಕೂತರು, ನನ್ನ ಮೇಲೆ ಮುನಿಸು ಬೇರೆ. ನಾನು ಅದರ ಪುಸ್ತಕ ತೆಗೆದು ಓದಿ ಹೇಳಿದೆ: ಹಸಿ ಕಟ್ಟಿಗೆ ಕೊಯ್ಯುವಾಗ ಪಕ್ಕದ ಸಣ್ಣ ಕೀಲಿಯನ್ನು ತಿರುಗಿಸಿ ಹಿಡಿದು ಚಾಲೂ ಮಾಡಬೇಕು, ಆಗ ಏನು ತಾಗಿದರೂ ಅದು ನಿಲ್ಲುವುದಿಲ್ಲ. ಕೈಬಿಟ್ಟರೆ ಕೀಲಿ ತಾನಾಗಿ ಹಿಂದಕ್ಕೆ ಬರುತ್ತದೆ, ಮುಂದಿನ ಸಲ ಚಾಲೂ ಮಾಡಿದಾಗ ಮಷೀನು ಮತ್ತೆ ಬೆರಳು ಕಾಯುತ್ತದೆ. ಇವರು ಹೂಂ ಎಂದರು.

ಇಲ್ಲಿ ಮಗ್ಗದ ಒಂದು ಮಾತು ಹೇಳಬೇಕು. ಪವರ್‌ಲೂಮಿನಲ್ಲಿ ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲಲೆಂದು ಒಂದು ಕಡ್ಡಿ ಇರುತ್ತದೆ. ನಮ್ಮ ಓಣಿಯ ಶೆಡ್ಡುಗಳಲ್ಲಿ ಆ ಕಡ್ಡಿಯನ್ನು ನೂಲಿನಿಂದ ಕಟ್ಟಿಬಿಡುತ್ತಿದ್ದರು. ಮಾತುಮಾತಿಗೆ ಮಗ್ಗ ನಿಂತರೆ ಸೀರೆ ಯಾವಾಗ ಮುಗಿಯಬೇಕು? ನೂಲು ಹರಿದದ್ದು ಸದ್ದಿನಲ್ಲೇ ತಿಳಿಯುತ್ತದೆ, ಓಡುತ್ತಿರುವ ಮಗ್ಗದೊಳಗೆ ಕೈಹಾಕಿ ಗಂಟು ಹಾಕಿದರಾಯಿತು. ಹಾಗೆ ಮಾಡಬಲ್ಲವನೇ ಪಕ್ಕಾ ನೇಕಾರ. ಪ್ರತಿ ಸಲ ನಿಲ್ಲಿಸಿ ಗಂಟು ಹಾಕುವವನನ್ನು ಉಳಿದವರು ಆಡಿಕೊಂಡು ನಗುತ್ತಿದ್ದರು.

ಅದೊಂದು ರವಿವಾರ. ನಾನು ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಗರಗಸದ ಸದ್ದು ಒಮ್ಮೆ ತಡವರಿಸಿ ಮತ್ತೆ ಮೊದಲಿನಂತಾಯಿತು. ಅದರ ಹಿಂದೆಯೇ ಇವರು "ಏ" ಎಂದು ಒಂದೇ ಸಲ ಕೂಗಿದರು. ಹಿಟ್ಟಿನ ಕೈಯಲ್ಲೇ ಓಡಿದೆ. ಇವರು ಎಡಗೈಯಿಂದ ಬಲಗೈಯನ್ನು ಅವುಚಿ ಹಿಡಿದು ನೆಲದ ಮೇಲೆ ಕೂತಿದ್ದರು. ಬ್ಲೇಡು ಇನ್ನೂ ತಿರುಗುತ್ತಿತ್ತು. ನಾನು ಬಟನ್ ಒತ್ತಲು ಹೋದಾಗ ಕಂಡಿತು, ಕೀಲಿಯನ್ನು ತಿರುಗಿಸಿ ಬಿಳಿಯ ನೂಲಿನಿಂದ ಬಿಗಿಯಾಗಿ ಕಟ್ಟಿದ್ದರು. ಮೇಜಿನ ಮೇಲಿದ್ದದ್ದು ಒಣಗಿದ ಸಾಗವಾನಿ ಹಲಗೆ. ಹಸಿ ಕಟ್ಟಿಗೆ ಮುಗಿದು ಎಷ್ಟು ದಿನವಾಗಿತ್ತೋ ದೇವರೇ ಬಲ್ಲ.

ಬ್ಲೇಡಿನ ಪಕ್ಕ ಬಿದ್ದ ಸಣ್ಣ ಚೂರೊಂದನ್ನು ತೆಗೆಯಲು ಕೈ ಚಾಚಿದ್ದರಂತೆ. ಮಿರಜಿನ ಡಾಕ್ಟರು ನೋಡಿ, ಬ್ಲೇಡಿನ ಹಲ್ಲು ಹರಿದುಹಾಕಿದ್ದನ್ನು ಜೋಡಿಸಲು ಬರುವುದಿಲ್ಲ ಎಂದರು. ತೋರುಬೆರಳು, ನಡುಬೆರಳು ಪೂರ್ತಿ ಹೋದವು. ಉಂಗುರದ ಬೆರಳು ಅರ್ಧ ಉಳಿಯಿತು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಇವರು ಒಂದೇ ಮಾತು ಹೇಳಿದರು: "ಮಷೀನ ನಿಲ್ಲಲಿಲ್ಲ." ಬಂದವರು ನನ್ನ ಮುಖ ನೋಡುತ್ತಿದ್ದರು. ಮೊಂಡು ಹಿಡಿದು ಅದನ್ನೇ ತಂದವಳು ನಾನಲ್ಲವೇ? ಆದರೆ ಬಿಳಿ ಬಟ್ಟೆ ಸುತ್ತಿದ ಆ ಕೈಯನ್ನು ನೋಡಿದರೆ ನೂಲಿನ ಮಾತು ಎತ್ತಲಾಗುತ್ತಿರಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ದಡದಡನೆ ತಿಕ್ಕುತ್ತಿದ್ದೆ.

ಗಾಯ ಮಾಯುತ್ತ ಬಂದಾಗ ರಬಕವಿಯ ಗೆಳೆಯ ಬಂದ. ತಾನೂ ಒಂದು ಗರಗಸಕ್ಕೆ ಮುಂಗಡ ಕೊಡುವವನಿದ್ದೇನೆ, ನಮ್ಮಂಥದ್ದನ್ನೇ ತರಲೋ ಬೇರೆಯದೋ ಎಂದು ಇವರನ್ನು ಕೇಳಿದ.

"ಅದನ್ನ ಮಾತ್ರ ತರಬ್ಯಾಡ. ಎಲ್ಲಾ ಸುಳ್ಳ. ನಿಲ್ಲತೈತಿ ಅಂದಿದ್ರು, ನಿಲ್ಲಲಿಲ್ಲ ನೋಡು" ಎಂದು ಇವರು ಕೈ ಎತ್ತಿ ತೋರಿಸಿದರು. ಗೆಳೆಯ ತಲೆಯಾಡಿಸಿದ. ಹಾಗಾದರೆ ಸಾದಾ ಮಷೀನೇ ತರುತ್ತೇನೆ ಎಂದ.

ನಾನು ಚಹಾದ ತಟ್ಟೆಯನ್ನು ಕೆಳಗಿಟ್ಟೆ. ಇವರ ಮಾತು ನಂಬಿ ಅವನು ತನ್ನ ಬೆರಳು ಕಳೆದುಕೊಂಡರೆ ಅದನ್ನು ಹೊತ್ತುಕೊಂಡು ಬಾಳಲು ನನ್ನಿಂದ ಆಗುತ್ತಿರಲಿಲ್ಲ.

"ಅದು ನಿಲ್ಲತಿತ್ರಿ. ಇವರು ನಿಲ್ಲಗೊಡಲಿಲ್ಲ. ಕೀಲಿಗೆ ನೂಲ ಕಟ್ಟಿದ್ರು" ಎಂದೆ.

ಇವರು ನನ್ನನ್ನು ನೋಡಿದ ನೋಟ ನನಗೆ ಈಗಲೂ ಮರೆತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯ ಮಗ್ಗದ ಸದ್ದು ಒಳಗೆ ಬರುತ್ತಿತ್ತು.

"ಹೌದಪಾ, ನಾನ ಕಟ್ಟಿದ್ನಿ" ಎಂದರು ಕೊನೆಗೆ, ಗೆಳೆಯನಿಗೆ. "ಸುಳ್ಳೇ ನಿಂತರ ಬ್ಲೇಡ ಹೋಗತೈತಿ ಅಂತ ಅಂಜಿದ್ನಿ. ಬ್ಲೇಡ ಆದರ ಮತ್ತ ಬರತಿತ್ತು." ಹಾಗೆಂದವರು ಅಳತೊಡಗಿದರು. ಆಸ್ಪತ್ರೆಯಲ್ಲೂ ಅಳದ ಮನುಷ್ಯ. ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿ, ಮತ್ತೆ ಇಳಿಸಿದರು.

ಗೆಳೆಯ ತಣ್ಣಗಾದ ಚಹಾವನ್ನು ಮುಟ್ಟಲಿಲ್ಲ. ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಹರಡಿಕೊಂಡು ನೋಡುತ್ತ ಕೂತ. ಆಮೇಲೆ ಇವರ ಭುಜ ಮುಟ್ಟಿ, "ಸುಮ್ನಿರಲೇ. ನಾನಿದ್ರೂ ಕಟ್ಟತಿದ್ನಿ" ಎಂದ.

ಅವನು ನಿಲ್ಲುವ ಗರಗಸವನ್ನೂ ತರಲಿಲ್ಲ, ಸಾದಾ ಗರಗಸವನ್ನೂ ತರಲಿಲ್ಲ.