ಬುರುಲ್ಚಾಳಿಗೆ ಬರಬೇಕಾದ ನಾಲ್ಕು ಟನ್ ತಿರುಳು

ಸಕ್ಕರೆ ಕಾರ್ಖಾನೆಯಿಂದ ಬುರುಲ್ಚಾಳಿಗೆ ಇನ್ನೂ ನಾಲ್ಕು ಟನ್ ಸಕ್ಕರೆ ಬೀಟ್ ಗೆಡ್ಡೆಯ ತಿರುಳು ಬರಬೇಕಿದೆ. ದುಡ್ಡಲ್ಲ, ತಿರುಳು, ಸಕ್ಕರೆ ಹಿಂಡಿಕೊಂಡ ಮೇಲೆ ಉಳಿಯುವ ಬೂದು ಬಣ್ಣದ, ಹುಳಿ ವಾಸನೆಯ ದನದ ಮೇವು. ಬೀಟ್ ಬೆಳೆದು ಕೊಟ್ಟವರಿಗೆ ಅದರಲ್ಲಿ ಪಾಲುಂಟು. ಅಕ್ಟೋಬರಿನಲ್ಲಿ ಆರು ಟನ್ ಎಂದು ಚೀಟಿ ಬರೆದರು. ಫೆಬ್ರವರಿ ಕೊನೆಗೆ ಎರಡು ಟನ್ ಸುರಿದು ಕೈತೊಳೆದುಕೊಂಡರು.

ಬುರುಲ್ಚಾ ದನ ಮೇಯಿಸಲು ಬಾರದವಳಲ್ಲ. ಚುಯ್ ಕಣಿವೆಯ ನಮ್ಮ ಕಿಜಿಲ್-ಸಾಯ್ ಊರಿನಲ್ಲಿ ಸಾಮೂಹಿಕ ಬೇಸಾಯ ಇದ್ದ ಕಾಲಕ್ಕೆ ಹತ್ತೊಂಬತ್ತು ವರ್ಷ ಹಾಲು ಕರೆದವಳು. ಪದಕ ಕೊಟ್ಟರು, ಗಮ್‌ಬೂಟು ಕೊಡಲಿಲ್ಲ. ನಾಲ್ಕು ಪಾಲು ತಿರುಳಿಗೆ ಒಂದು ಪಾಲು ಒಣಹುಲ್ಲು, ಮೇಲೊಂದು ಹಿಡಿ ಸುಣ್ಣದ ಪುಡಿ ಎಂದು ಊರಿನ ಹೆಂಗಸರಿಗೆಲ್ಲ ಕಲಿಸಿದವಳೇ ಅವಳು. ಆ ಬೇಸಾಯ ಮುರಿದು ದನ ಪಾಲಾದಾಗ ಅವಳಿಗೆ ಒಂದು ಹಸು ಸಿಕ್ಕಿತು. ಅದರ ಸಂತತಿ ಈ ಕಾರಾ ಕಾಶ್ಕಾ: ಕಪ್ಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಏಪ್ರಿಲ್ಲಿಗೆ ಈಯಬೇಕಿತ್ತು. ಆ ಮನೆಗೆ ಬರುತ್ತಿದ್ದ ಹಾಲೆಲ್ಲ ಅದರದೇ. ಜೊತೆಗಿದ್ದದ್ದು ಒಂದು ಎಳೆ ಕಡಸು.

ಜನವರಿಯಲ್ಲಿ ಪಕ್ಕದ ಮನೆಯ ಜಾಪರ್‌ಕುಲ್ ಸತ್ತ. ಸಾವಿಗೆ ಬಂದವರನ್ನು ಅಕ್ಕಪಕ್ಕದ ಮನೆಗಳು ಹಂಚಿಕೊಳ್ಳುವುದು ನಮ್ಮಲ್ಲಿ ನಡೆದುಬಂದದ್ದು. ಜನಕ್ಕೆ ಊಟ, ಕುದುರೆಗೆ ಹುಲ್ಲು. ಬುರುಲ್ಚಾಳ ಅಂಗಳಕ್ಕೆ ಬೆಟ್ಟದ ಕಡೆಯಿಂದ ಹನ್ನೊಂದು ಕುದುರೆ ಬಂದು ನಿಂತವು.

ಸೊಸೆ ಅಯ್ಪೇರಿ ಬಣವೆಗೆ ಅಡ್ಡ ನಿಂತಳು. "ಅತ್ತೆ, ಇದು ಹಸು ಈಯೋವರ್ಗೂ ಅಂತ ಇಟ್ಟಿರೋ ಹುಲ್ಲು."

"ಬಾಯ್ಮುಚ್ಚೇ. ಸಾವಿಗೆ ಬಂದೋರ ಕುದ್ರೆ ಹಸ್ಕೊಂಡು ನಿಂತ್ರೆ ನಾಳೆ ನನ್ನ ಹೆಣ ಹೊರೋಕೆ ಯಾವನ್ ಬರ್ತಾನೆ?"

"ಹಸು ಏನ್ ತಿನ್ನುತ್ತೆ? ನನ್ನ ತಲೆನಾ?"

"ನಿನ್ನ ತಲೇಲಿ ಏನೈತೆ ಅಂತ ತಿನ್ನುತ್ತೆ? ಮುಂದಿನ ವಾರ ತಿರುಳು ಕೊಡ್ತೀವಿ ಅಂದವ್ರೆ, ಸರಿ ಆಚೆ."

ಮೂರು ದಿನಕ್ಕೆ ಬಣವೆ ನೆಲ ಮುಟ್ಟಿತು. ಮುಂದಿನ ವಾರ ಬಂತು, ತಿರುಳು ಬರಲಿಲ್ಲ. ಕಾರಾ ಕಾಶ್ಕಾ ಬರೀ ಗೋಧಿಹುಲ್ಲು ಅಗಿದು ನಿಂತಿತು; ತಿಂಗಳಾಗುವಷ್ಟರಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಅವಳ ಮನೆ ಮುಂದೆಯೇ ತಿರುಳಿನ ಲಾರಿಗಳು ನೀರು ತೊಟ್ಟಿಕ್ಕುತ್ತ ದೊಡ್ಡ ಮಾಂಸದ ಫಾರಂಗಳಿಗೆ ಹೋಗುತ್ತಿದ್ದವು. ರೊಕ್ಕ ಎಣಿಸಿದವರಿಗೆ ಮೊದಲು, ಬೀಟ್ ಕೊಟ್ಟವರಿಗೆ ಆಮೇಲೆ.

ಬೀಟ್ ಕೊಟ್ಟು ತಿರುಳು ಸಿಗದ ನಾವು ಹದಿನೆಂಟು ಜನ ಕಾರ್ಖಾನೆ ಗೇಟಿಗೆ ಅಡ್ಡ ನಿಂತೆವು. ಮೇಲ್ವಿಚಾರಕ ಟೋಪಿ ಸರಿಮಾಡಿಕೊಳ್ಳುತ್ತ ಬಂದ. "ಏನಜ್ಜಿ, ತಿರುಳೇನ್ ಓಡ್ಹೋಗುತ್ತಾ?"

"ತಿರುಳು ಓಡಲ್ಲ ಕಣೋ, ನಿನ್ನ ಲಾರಿ ಓಡ್ತಾವೆ. ನಿನ್ನೆ ಏಳು ಎಣಿಸ್ದೆ," ಎಂದಳು ಬುರುಲ್ಚಾ.

ಎರಡನೇ ದಿನ ತಲೆಗೆ ಎರಡು ಟನ್ ಬಿಟ್ಟರು. ಗುಂಡಿಯ ತಳದ ಮಾಲು: ಹುಳಿ ಹಿಡಿದು, ಚಳಿಗೆ ಕಲ್ಲಿನಂತೆ ಹೆಪ್ಪುಗಟ್ಟಿದ್ದು.

ಬುರುಲ್ಚಾ ಕೊಡಲಿಯಿಂದ ಒಡೆದು, ದೊಡ್ಡ ಕಡಾಯಿಯಲ್ಲಿ ಕರಗಿಸಿ ಬೆಚ್ಚಗೆ ಮಾಡಿದಳು. ಹಸಿದ ಹೊಟ್ಟೆಗೆ ಮೊದಲ ದಿನ ಅರ್ಧ ಬಕೆಟ್ಟೇ ಹೆಚ್ಚು ಎಂದು ಅವಳಿಗೆ ಗೊತ್ತಿತ್ತು. ಬೆರೆಸಲು ಒಣಹುಲ್ಲಿಲ್ಲ, ಗೋಧಿಹುಲ್ಲೂ ಮುಗಿದಿದೆ ಎಂಬುದೂ ಗೊತ್ತಿತ್ತು. ಹಸು ಒಂದು ಬಕೆಟ್ ಮುಗಿಸಿ, ತಳ ನೆಕ್ಕಿ, ಬಕೆಟ್ಟನ್ನೇ ಮೂತಿಯಿಂದ ಅವಳ ಕಡೆ ತಳ್ಳಿತು. ಇನ್ನೊಂದು ಸುರಿದಳು. ಮತ್ತೊಂದು. ನಾನು ಅಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ.

ಬೆಳಿಗ್ಗೆ ಹಸು ಮೆಲುಕು ನಿಲ್ಲಿಸಿತ್ತು. ಹೊಟ್ಟೆ ಬಿರುಸಾಗಿ, ಹಲ್ಲು ಕಡಿಯುತ್ತ ಮಲಗಿತ್ತು. ಮಧ್ಯಾಹ್ನಕ್ಕೆ ಕತ್ತು ಎತ್ತಲಿಲ್ಲ. ತಾನಾಗಿ ಸತ್ತದ್ದನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ; ಮಾಂಸವೂ ದಕ್ಕದೆಂದು ಚೂರಿ ತರಿಸಿ ಕೊಯ್ಯಿಸಿದಳು. ಒಳಗಿದ್ದ ಕರುವಿಗೆ ಆಗಲೇ ಕೂದಲು ಬಂದಿತ್ತು, ಹಣೆಯಲ್ಲಿ ಬೊಟ್ಟೂ ಇತ್ತು. ಊರವರು ಮಾಂಸವನ್ನು ಪಾಲು ಹಾಕಿ ದುಡ್ಡು ಕೊಟ್ಟು ಕೊಂಡರು, ಯಾರೂ ಚೌಕಾಸಿ ಮಾಡಲಿಲ್ಲ. ಜಾಪರ್‌ಕುಲ್‌ನ ಮಗ ತಲೆ ತಗ್ಗಿಸಿಕೊಂಡು ಬಂದು ಎರಡು ಪಾಲು ಕೊಂಡೊಯ್ದ.

ಉಳಿದದ್ದನ್ನು ಕೇಳಲು ಮತ್ತೆ ಗೇಟಿಗೆ ಹೋದೆವು. ಮೇಲ್ವಿಚಾರಕ ಕೈ ಆಡಿಸಿದ. "ಕೊಟ್ಟಿದ್ದೀವಲ್ಲ. ತಿನ್ಸೋಕೆ ನಿಮಗೆ ಬರದಿದ್ರೆ ನಾವೇನ್ ಮಾಡೋಣ?"

ವಾಪಸು ಬರುವಾಗ ಬುರುಲ್ಚಾ ಮನೆ ಹತ್ತಿರ ನಿಂತು ಅಂದಳು: "ಅವನಂದಿದ್ದು ಪೂರಾ ಸುಳ್ಳಲ್ಲ. ಮೂರನೇ ಬಕೆಟ್ ನಾನೇ ಸುರ್ದಿದ್ದು. ಆದ್ರೆ ಅಕ್ಟೋಬರಲ್ಲಿ ಚೀಟಿ ಬರೆದು ಕೊಡ್ದೇ ಇದ್ದೋನು ಅವ್ನು."

ಈಗ ಅವಳ ಕೊಟ್ಟಿಗೆಯಲ್ಲಿ ಕಡಸೊಂದೇ ಇದೆ. ಅದಕ್ಕೂ ಹೊಟ್ಟೆಯಿದೆ. ಹೊಸ ಬೀಟ್ ಒಪ್ಪಂದದ ಕಾಗದ ಮನೆಮನೆಗೆ ಬರುತ್ತಿದೆ. ತಿರುಳು ಯಾವ ತಾರೀಕಿಗೆ ಎಂಬ ಸಾಲು ಅದರಲ್ಲಿ ಈ ವರ್ಷವೂ ಇಲ್ಲ. ಬುರುಲ್ಚಾ ಸಹಿ ಹಾಕಿಲ್ಲ. ಒಬ್ಬ ಮುದುಕಿಯ ಸಹಿ ಇಲ್ಲದಿದ್ದರೆ ಕಾರ್ಖಾನೆ ನಿಲ್ಲುವುದಿಲ್ಲ. ಬೀಟ್ ಬೆಳೆಯುವ ನಿಮ್ಮ ಬಾಗಿಲಿಗೂ ಆ ಕಾಗದ ಬರುತ್ತದೆ. ತಾರೀಕು ಬರೆಸಿ, ಅವಳ ನಾಲ್ಕು ಟನ್ ಮೊದಲು ಸುರಿಸಿ. ಅಲ್ಲಿಯವರೆಗೆ ಪೆನ್ನು ಮುಟ್ಟಬೇಡಿ.