ಅಪ್ಪ ಮುರಿದು ನೋಡಿದ ಸೈನಿಕ

ಹೆಬ್ಬೆರಳಿನಷ್ಟೆತ್ತರದ ಪ್ಲಾಸ್ಟಿಕ್ ಬಾಹ್ಯಾಕಾಶ ಸೈನಿಕನನ್ನು ಅಪ್ಪ ಲಟಕ್ಕನೆ ಮುರಿದು ಒಳಗೆ ಇಣುಕಿದರು. "ಏನೂ ಇಲ್ಲಲ್ಲೋ ತಮ್ಮಾ ಇದರಾಗ! ಏನ್ ನೋಡಿ ತಗೊಳ್ಳಾಕತ್ತಿ?"

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮುರಿದು ನೋಡದೆ ಅಪ್ಪ ಒಂದು ಚೀಲವನ್ನೂ ಕೊಂಡವರಲ್ಲ. ಆದರೆ ಇದು ರಾಣೆಬೆನ್ನೂರಿನ ಗೆಳೆಯನ ಗೊಂಬೆ! ಇಂಥ ಗೊಂಬೆಗಳ ಯುದ್ಧದಾಟ ಕೊಳ್ಳಲೋ ಬೇಡವೋ ಎಂದು ಒದ್ದಾಡುತ್ತಿದ್ದ ನಲವತ್ತರ ನನಗೆ ಅವನು ನೋಡಲು ಕೊಟ್ಟಿದ್ದ. ಆಡಲು ಇಬ್ಬರು ಬೇಕು, ಊರಲ್ಲಿ ನನ್ನೆದುರು ಕೂರುವವರಿಲ್ಲ, ಅದೇ ಗೊಂದಲ ಎಂದು ಅಪ್ಪನಿಗೆ ಹೇಳಿದೆ.

ಅಂಟು ಹಚ್ಚಿದ ಸೈನಿಕ ಈಗ ವಾಲಿಕೊಂಡು ನಿಂತಿದ್ದಾನೆ. ಗೆಳೆಯನಿಗೆ ಏನು ಹೇಳಲಿ, ಆಟ ಕೊಳ್ಳಲೇ, ಬಿಡಲೇ, ಒಂದೂ ತಿಳಿಯುತ್ತಿಲ್ಲ. ಅಪ್ಪ ಮಾತ್ರ ದಿನಾ ಊಟಕ್ಕೆ ಕೂತಾಗ ಕೇಳುತ್ತಾರೆ: "ನನ್ನ ಪಾಲಿನ ಸೈನ್ಯ ಯಾವಾಗ ಬರತೈತಿ?"